ತೂಗಿ ತುಂಬುವ ಮದ್ದು, ತೂಗದೆ ಬಿಟ್ಟ ಸೀಸ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬಂದೂಕು ಇಟ್ಟುಕೊಂಡವರ ದೊಡ್ಡದೊಂದು ವರ್ಗ ತನಗೆ ಬೇಕಾದ ತೋಟಾಗಳನ್ನೆಲ್ಲ ಅಂಗಡಿಯಿಂದ ಕೊಳ್ಳುವುದಿಲ್ಲ. ಮನೆಯ ಹಿಂಬದಿಯ ಕೋಣೆಯಲ್ಲೋ ಕಾರು ನಿಲ್ಲಿಸುವ ಷೆಡ್ಡಿನ ಮೂಲೆಯಲ್ಲೋ ಒಂದು ಮೇಜು ಹಾಕಿಕೊಂಡು, ಹಾರಿಸಿ ಖಾಲಿಯಾದ ಹಿತ್ತಾಳೆಯ ಕೊಳವೆಗಳನ್ನು ತೊಳೆದು, ಹೊಸ ಕೇಪು ಕೂರಿಸಿ, ಮದ್ದು ಅಳೆದು ಹಾಕಿ, ಮೇಲೆ ಗುಂಡನ್ನು ಒತ್ತಿ, ತಾನೇ ತೋಟಾ ಸಿದ್ಧಪಡಿಸಿಕೊಳ್ಳುತ್ತದೆ. ಸ್ವಂತ ಬಳಕೆಗೆ ಹೀಗೆ ಮಾಡಿಕೊಳ್ಳಲು ಅಲ್ಲಿನ ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ. ಮಾರುವುದಾದರೆ ಮಾತ್ರ ಬೇಕು. ಸಹ್ಯಾದ್ರಿಯ ಮಡಿಲಿನಿಂದ ಹೊರಡುವ ಪರಿಸರ ಪತ್ರಿಕೆಗೆ ಈ ದೂರದೇಶದ ಹವ್ಯಾಸದ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಮನೆಯಲ್ಲಿ ಕರಗಿಸಿದ ಸೀಸವು ಕೋವಿಯಿಂದ ಹೊರಬಿದ್ದ ಮೇಲೆ ಎಲ್ಲೆಲ್ಲಿಗೆ ಹೋಗಿ ಸೇರುತ್ತದೆ ಎಂಬುದರ ಲೆಕ್ಕವನ್ನು ಆ ದೇಶ ಕಳೆದ ಮೂರು ದಶಕಗಳಿಗೂ ಮೀರಿ ಬರೆದಿಟ್ಟಿದೆ. ಅದೇ ಲೆಕ್ಕ ನಮ್ಮ ಜಂತಿಗೆ ತೂಗುಹಾಕಿದ ಕೇಪಿನ ಕೋವಿಗೂ ಅನ್ವಯಿಸುತ್ತದೆ. ನಮ್ಮಲ್ಲಿ ಅದನ್ನು ಬರೆದಿಡುವವರಿಲ್ಲ, ಅಷ್ಟೇ.

ಇಲ್ಲಿ ಉದಾಹರಣೆಗೆಂದು ಆರಿಸಿಕೊಂಡಿರುವುದು ದೊಡ್ಡ ರೈಫಲ್ಲಲ್ಲ, ಅಂಗಿಯ ಜೇಬಿನಲ್ಲಿ ಅಡಗುವ ಸಣ್ಣ ಪಿಸ್ತೂಲು. ಜಾನ್ ಬ್ರೌನಿಂಗ್ ಎಂಬ ಅಮೆರಿಕದ ಕುಶಲಕರ್ಮಿ 1899ರಲ್ಲಿ .32, 1905ರಲ್ಲಿ .25, 1908ರಲ್ಲಿ .380 ಎಂಬ ಮೂರು ಅಳತೆಯ ತೋಟಾಗಳನ್ನು ಇಂತಹ ಪಿಸ್ತೂಲುಗಳಿಗೆಂದೇ ರೂಪಿಸಿದ. ನಮ್ಮ ಪತ್ರಿಕೆಗಳಲ್ಲಿ 7.65 ಮಿ.ಮೀ. ಪಿಸ್ತೂಲೆಂದು ಓದುತ್ತೇವಲ್ಲ, ಅದು ಇದೇ .32. ಗಾಂಧೀಜಿಯವರ ದೇಹವನ್ನು 1948ರ ಜನವರಿ 30ರಂದು ಹೊಕ್ಕ ಮೂರು ಗುಂಡುಗಳು .380 ಅಳತೆಯವು. ಇವುಗಳನ್ನು ಮನೆಯಲ್ಲಿ ತುಂಬಿಕೊಳ್ಳುವವರಿಗೆ ತಮ್ಮದೇ ಕಾರಣಗಳಿವೆ. ಹೆಚ್ಚು ಮಾರಾಟವಾಗುವ 9 ಮಿ.ಮೀ. ತೋಟಾಕ್ಕಿಂತ ಈ ಹಳೆಯ ಚಿಕ್ಕ ಅಳತೆಗಳು ಅಂಗಡಿಯಲ್ಲಿ ತುಟ್ಟಿ. 2020ರಲ್ಲಿ ಅಲ್ಲಿ ತೋಟಾಗಳ ಅಭಾವ ತಲೆದೋರಿದಾಗ ಕಾರ್ಖಾನೆಗಳು ಮೊದಲು ಕೈಬಿಟ್ಟದ್ದೂ ಇಂತಹ ಅಪರೂಪದ ಅಳತೆಗಳನ್ನೇ. ಆದುದರಿಂದ ಗುಂಡು ಹಾರಿಸಿದ ಮೇಲೆ ಪಿಸ್ತೂಲು ಹೊರಗೆ ಚಿಮ್ಮಿಸುವ, ಬೆರಳಿನ ಉಗುರಿನಷ್ಟೇ ಇರುವ ಹಿತ್ತಾಳೆಯ ಚೂರುಗಳನ್ನು ಹುಲ್ಲಿನ ನಡುವಿನಿಂದ ಅವರು ಹೆಕ್ಕಿ ತರುತ್ತಾರೆ. ನಮ್ಮಲ್ಲಿ ಬಳ್ಳಿಯ ಬುಡದಲ್ಲಿ ಉದುರಿದ ಕಾಳುಮೆಣಸು ಹೆಕ್ಕುವ ಹಾಗೆ.

ಈ ಕೆಲಸದಲ್ಲಿ ಮೆಚ್ಚತಕ್ಕ ಗುಣಗಳಿಲ್ಲವೆಂದು ಹೇಳುವುದು ಅನ್ಯಾಯ. ಒಂದೇ ಹಿತ್ತಾಳೆಯನ್ನು ಹಲವು ಬಾರಿ ಬಳಸುವ ಮಿತವ್ಯಯ ಅದರಲ್ಲಿದೆ. ತನ್ನ ಕೈಯಿಂದ ಆದದ್ದಕ್ಕೆ ತಾನೇ ಹೊಣೆ ಎಂಬ ಎಚ್ಚರವೂ ಇದೆ. ಪಿಸ್ತೂಲು ಚಿಕ್ಕದಾದಷ್ಟೂ ಆ ಎಚ್ಚರ ಹೆಚ್ಚು ಬೇಕು. ದೊಡ್ಡ ತೋಟಾದಲ್ಲಿ ಕೊಂಚ ಮದ್ದು ಹೆಚ್ಚಾದರೆ ತಡೆದೀತು. ಚಿಟಿಕೆ ನಸ್ಯದಷ್ಟು ಮದ್ದು ಹಿಡಿಸುವ ಪುಟ್ಟ ಕೊಳವೆಯಲ್ಲಿ ಅದರ ಹತ್ತನೆಯ ಒಂದು ಪಾಲು ಏರುಪೇರಾದರೂ ಒತ್ತಡ ಸಿಕ್ಕಾಪಟ್ಟೆ ಏರಿ ಪಿಸ್ತೂಲು ಕೈಯಲ್ಲೇ ಸಿಡಿಯಬಹುದು. ಹಾಗಾಗಿ ಅವರ ಮೇಜಿನ ಮೇಲಿನ ತಕ್ಕಡಿ ಒಂದು ಗ್ರೇನಿನ ಹತ್ತನೆಯ ಒಂದು ಪಾಲನ್ನೂ ತೋರಿಸುತ್ತದೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಗುಲಗಂಜಿ ಸುಮಾರು 120 ಮಿಲಿಗ್ರಾಂ ತೂಗುತ್ತದೆ. ಅಂದರೆ ಗುಲಗಂಜಿಯನ್ನು ಹದಿನೆಂಟು ಪಾಲು ಮಾಡಿ ಒಂದು ಪಾಲನ್ನು ತಕ್ಕಡಿಯಲ್ಲಿಟ್ಟರೆ ಅದನ್ನೂ ಅದು ಗುರುತಿಸುತ್ತದೆ. ಪ್ರತಿ ಕೊಳವೆಯನ್ನೂ ದೀಪದ ಬೆಳಕಿಗೆ ಹಿಡಿದು, ಮದ್ದು ಎರಡು ಸಲ ಬಿದ್ದಿಲ್ಲವಷ್ಟೆ ಎಂದು ಇಣುಕಿ ನೋಡಿ, ಆಮೇಲೆ ಗುಂಡು ಕೂರಿಸುತ್ತಾರೆ.

ಇಷ್ಟೊಂದು ಶ್ರದ್ಧೆಯುಳ್ಳ ಮನುಷ್ಯ ತೂಗದೆ ಬಿಡುವ ಒಂದು ವಸ್ತುವಿದೆ. ಅದು ಅವನ ಬೆರಳಿಗೆ, ಅಂಗಿಯ ತೋಳಿಗೆ, ಕೋಣೆಯ ನೆಲಹಾಸಿಗೆ ಅಂಟಿಕೊಳ್ಳುವ ಸೀಸ.

ಸೀಸ ಮೂರು ದಾರಿಗಳಿಂದ ಆ ಮೇಜಿಗೆ ಬರುತ್ತದೆ. ಮೊದಲನೆಯದು ಗುಂಡು. ಹಣ ಉಳಿಸಬೇಕೆನ್ನುವವರು ಗುಂಡನ್ನೂ ಕೊಳ್ಳುವುದಿಲ್ಲ. ಸೀಸ ಕರಗಿಸಿ ಅಚ್ಚಿಗೆ ಹೊಯ್ದುಕೊಳ್ಳುತ್ತಾರೆ. ಎರಡನೆಯದು ಕೇಪು. ಸಾಮಾನ್ಯವಾಗಿ ಬಳಕೆಯಲ್ಲಿರುವ ಕೇಪುಗಳೊಳಗೆ ಕಿಡಿ ಹುಟ್ಟಿಸುವ ಪದಾರ್ಥ ಲೆಡ್ ಸ್ಟಿಫ್ನೇಟ್ ಎಂಬ ಸೀಸದ ಸಂಯುಕ್ತ. ಪಿಸ್ತೂಲಿನ ಹೊಗೆಯಲ್ಲಿ ಅದು ಹಾರಿಸಿದವನ ಮುಖಕ್ಕೇ ಬರುತ್ತದೆ. ಬಹಳ ಜನ ಗಮನಿಸದೆ ಹೋಗುವುದು ಮೂರನೆಯದನ್ನು. ಖಾಲಿ ಹಿತ್ತಾಳೆಯನ್ನು ಹೊಳಪು ಮಾಡಲು ಅದನ್ನು ಮೆಕ್ಕೆಜೋಳದ ತೆನೆಯ ದಿಂಡಿನ ತರಿಯೊಂದಿಗೆ ತಿರುಗುವ ಡಬ್ಬಿಗೆ ಹಾಕಿ ಗಂಟೆಗಟ್ಟಲೆ ಉರುಳಿಸುತ್ತಾರೆ. ಕೇಪಿನ ಉರಿದ ಶೇಷವೆಲ್ಲ ಆ ತರಿಗೆ ಹತ್ತಿಕೊಂಡು ಧೂಳಾಗುತ್ತದೆ. ಡಬ್ಬಿಯ ಮುಚ್ಚಳ ತೆರೆದು ಜಾಲಿಸುವಾಗ ಏಳುವ ಆ ಬೂದುಬಣ್ಣದ ಧೂಳು ಕೋಣೆಯ ತುಂಬ ಹರಡುತ್ತದೆ. ವೃತ್ತಿಗೆ ಸಂಬಂಧಪಡದೆ ವಯಸ್ಕರ ರಕ್ತದಲ್ಲಿ ಸೀಸ ಏರುವುದಕ್ಕೆ ಗುಂಡು ಹಾರಿಸುವುದು ಮತ್ತು ಗುಂಡು ಎರಕ ಹೊಯ್ಯುವುದು ಮುಖ್ಯ ಕಾರಣಗಳ ಸಾಲಿನಲ್ಲಿವೆ ಎಂದು ಆ ದೇಶದ ಆರೋಗ್ಯ ಇಲಾಖೆಗಳು ದಾಖಲಿಸಿಕೊಂಡು ಬಂದಿವೆ.

ಎರಕ ಹೊಯ್ಯುವವರು ಇದಕ್ಕೊಂದು ಉತ್ತರ ಇಟ್ಟುಕೊಂಡಿದ್ದಾರೆ. ಸೀಸ 327 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ. ಅದು ಆವಿಯಾಗಿ ಏಳಲು ಅದಕ್ಕಿಂತ ಬಹಳ ಹೆಚ್ಚಿನ ಶಾಖ ಬೇಕು. ನಾವು ಅಷ್ಟು ಕಾಯಿಸುವುದೇ ಇಲ್ಲ, ಹಾಗಾಗಿ ಅಪಾಯವಿಲ್ಲ ಎಂದು. ಈ ಮಾತಿನ ಮೊದಲರ್ಧ ನಿಜ. ಆದರೆ ಕರಗಿದ ಸೀಸದ ಮೇಲೆ ಕೆನೆಯಂತೆ ಕಟ್ಟುವ, ಸೌಟಿನಿಂದ ತೆಗೆದು ಬದಿಗೆಸೆಯುವ ಕಸ ಇದೆಯಲ್ಲ, ಅದು ಬೂದಿಯಷ್ಟು ನಯವಾದ ಸೀಸದ ಭಸ್ಮ. ಅದು ಗಾಳಿಯಲ್ಲಿ ತೇಲುತ್ತದೆ, ಕೈಗೆ ಮೆತ್ತುತ್ತದೆ, ಕೈಯಿಂದ ರೊಟ್ಟಿಗೆ ದಾಟುತ್ತದೆ. ವಿಷ ಮೂಗಿನಿಂದಲೇ ಒಳಗೆ ಬರಬೇಕೆಂಬ ನಿಯಮವೇನಿಲ್ಲ.

ಇದರಿಂದ ಹಾನಿಗೊಳಗಾಗುವವನು ಹವ್ಯಾಸಿಯೊಬ್ಬನೇ ಆಗಿದ್ದರೆ ಅವನ ಪಾಡಿಗೆ ಬಿಡಬಹುದಿತ್ತು. ಆದರೆ ನೆಲದಲ್ಲಿ ತೆವಳುವ, ಬೆರಳು ಚೀಪುವ ಮಗು ಆ ಮನೆಯಲ್ಲಿರುತ್ತದೆ. ದೊಡ್ಡವರು ನುಂಗಿದ ಸೀಸದ ಹತ್ತನೆಯ ಒಂದು ಪಾಲಿನಷ್ಟನ್ನು ಹೀರಿಕೊಂಡರೆ ಎಳೆಯ ಮಕ್ಕಳ ಕರುಳು ಅದರ ನಾಲ್ಕೈದು ಪಟ್ಟು ಹೀರಿಕೊಳ್ಳುತ್ತದೆ. ದೇಹ ಅದನ್ನು ಸುಣ್ಣದ ಅಂಶವೆಂದು ಭ್ರಮಿಸಿ ಎಲುಬಿನಲ್ಲಿ ಕೂಡಿಡುತ್ತದೆ. ಹೆಣ್ಣುಮಗು ದೊಡ್ಡವಳಾಗಿ ಗರ್ಭಿಣಿಯಾದಾಗ ಎಲುಬಿನಲ್ಲಿದ್ದ ಆ ಸಂಗ್ರಹ ಕರಗಿ ಹೊಟ್ಟೆಯಲ್ಲಿರುವ ಕೂಸಿಗೂ ಹೋಗುತ್ತದೆ. ಮಿದುಳಿನ ಬೆಳವಣಿಗೆ ಕುಂಠಿತವಾಗುವುದು ಮೊದಲ ಪರಿಣಾಮ. ಇದಕ್ಕಿಂತ ಕಡಿಮೆಯಾದರೆ ಸುರಕ್ಷಿತ ಎನ್ನುವ ಮಟ್ಟವೇ ಸೀಸಕ್ಕೆ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಅಮೆರಿಕದ ರೋಗನಿಯಂತ್ರಣ ಕೇಂದ್ರವು 2021ರಲ್ಲಿ ಮಕ್ಕಳ ರಕ್ತದ ಪ್ರತಿ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ದಾಟಿದರೆ ಎಚ್ಚೆತ್ತುಕೊಳ್ಳಬೇಕು ಎಂದಿತು. ಅದಕ್ಕೆ ಮುಂಚೆ 5, ಅದಕ್ಕೂ ಮುಂಚೆ 10 ಇತ್ತು.

ವಿದ್ಯಾರ್ಥಿ ಮಿತ್ರರು ಇಲ್ಲೊಂದು ಲೆಕ್ಕ ಮಾಡಿ ನೋಡಬೇಕು. 15 ಕಿಲೋ ತೂಗುವ ಮಗುವಿನ ಮೈಯಲ್ಲಿ ಸುಮಾರು 11 ಡೆಸಿಲೀಟರ್ ರಕ್ತವಿರುತ್ತದೆ. ಮೇಲಿನ ಎಚ್ಚರಿಕೆಯ ಗೆರೆಯನ್ನು ಮುಟ್ಟಲು ಆ ಇಡೀ ರಕ್ತದಲ್ಲಿ 40 ಮೈಕ್ರೋಗ್ರಾಮಿಗಿಂತ ಕಡಿಮೆ ಸೀಸ ಸಾಕು. ನಮ್ಮ ಹವ್ಯಾಸಿಯ ತಕ್ಕಡಿ ತೋರಿಸಬಲ್ಲ ಅತಿ ಸಣ್ಣ ಅಳತೆ, ಅಂದರೆ ಗುಲಗಂಜಿಯ ಹದಿನೆಂಟನೆಯ ಪಾಲು, ಸುಮಾರು 6,500 ಮೈಕ್ರೋಗ್ರಾಂ. ಅದು ಆ ಗೆರೆಯ 160 ಪಟ್ಟಿಗೂ ಹೆಚ್ಚು. ನುಂಗಿದ್ದೆಲ್ಲ ರಕ್ತದಲ್ಲಿ ನಿಲ್ಲುವುದಿಲ್ಲ ನಿಜ, ಆದರೂ ವ್ಯತ್ಯಾಸದ ಅಗಾಧತೆ ನೋಡಿ. ಮದ್ದಿನ ಮಟ್ಟಿಗೆ ಅತ್ಯಂತ ಸೂಕ್ಷ್ಮವೆನಿಸಿದ ತಕ್ಕಡಿಯ ಕಣ್ಣಿಗೆ ಮಗುವನ್ನು ಕೆಡಿಸುವಷ್ಟು ಸೀಸ ಕಾಣುವುದೇ ಇಲ್ಲ. .32 ಪಿಸ್ತೂಲಿನ ಒಂದು ಗುಂಡಂತೂ 71 ಗ್ರೇನ್, ಎಂದರೆ 4.6 ಗ್ರಾಂ. ಮೇಲೆ ತೆಳುವಾದ ತಾಮ್ರದ ಹೊದಿಕೆ ಇದ್ದರೂ ಒಳಗಿನ ಬಹುಪಾಲು ಸೀಸವೇ.

ಆ ಸೀಸ ಎಲ್ಲಿಂದ ಬರುತ್ತದೆ ಎಂಬುದೂ ಕುತೂಹಲದ ಸಂಗತಿ. ಟೈರು ಅಂಗಡಿಗಳಲ್ಲಿ ಚಕ್ರದ ಸಮತೋಲಕ್ಕೆಂದು ಅಂಟಿಸುತ್ತಿದ್ದ ಸೀಸದ ತೂಕಗಳನ್ನು ಅವರು ಡಬ್ಬಗಟ್ಟಲೆ ತರುತ್ತಿದ್ದರು; ಅಲ್ಲಿನ ಹಲವು ರಾಜ್ಯಗಳು ಅವನ್ನು ನಿಷೇಧಿಸಿದ ಮೇಲೆ ಆ ಮೂಲ ಬತ್ತುತ್ತಿದೆ. ಹಳೆಯ ಮುದ್ರಣಾಲಯಗಳ ಅಚ್ಚಿನ ಮೊಳೆಗಳಿಗೆ ಬಲು ಬೇಡಿಕೆ, ಏಕೆಂದರೆ ಸೀಸಕ್ಕೆ ಆಂಟಿಮನಿ ಮತ್ತು ತವರ ಬೆರೆತ ಆ ಲೋಹ ಗಟ್ಟಿ. ನಮ್ಮಲ್ಲಿಯೂ ಮೊಳೆ ಜೋಡಿಸುವ ಮುದ್ರಣಾಲಯಗಳು ಒಂದೊಂದಾಗಿ ಮುಚ್ಚಿದಾಗ ಆ ಕನ್ನಡದ ಅಕ್ಷರಗಳೆಲ್ಲ ಗುಜರಿಯವನ ತಕ್ಕಡಿಗೇ ಹೋದವಷ್ಟೆ. ಆದರೆ ಒಂದು ವಿಷಯದಲ್ಲಿ ಅಮೆರಿಕದ ಅನುಭವಸ್ಥ ಹವ್ಯಾಸಿಗಳು ಒಮ್ಮತದಿಂದ ಕೈಯೆತ್ತಿ ತಡೆಯುತ್ತಾರೆ: ವಾಹನದ ಬ್ಯಾಟರಿಯ ಫಲಕಗಳನ್ನು ಮಾತ್ರ ಎಂದಿಗೂ ಕರಗಿಸಬಾರದು. ಅದರಲ್ಲಿ ಆಮ್ಲವಿದೆ, ಸೀಸದ ಆಕ್ಸೈಡು, ಸಲ್ಫೇಟುಗಳ ಧೂಳಿದೆ, ಫಲಕದಲ್ಲಿ ಬೆರೆತ ಇತರ ಲೋಹಗಳಿಂದ ಅತ್ಯಂತ ವಿಷಕಾರಿಯಾದ ಅನಿಲಗಳು ಹುಟ್ಟುವ ಸಾಧ್ಯತೆಯಿದೆ. ಬ್ಯಾಟರಿ ಒಡೆಯುವ ಮನೆಗೆಲಸ ಏನು ಮಾಡಬಲ್ಲುದೆಂಬುದಕ್ಕೆ ಆಫ್ರಿಕದ ಸೆನೆಗಲ್ ದೇಶದ ರಾಜಧಾನಿ ಡಕಾರಿನ ಹೊರವಲಯದಲ್ಲಿರುವ ಥಿಯಾರೋಯ್ ಎಂಬ ಊರು ಸಾಕ್ಷಿ. 2007ರ ನವೆಂಬರಿನಿಂದ 2008ರ ಮಾರ್ಚಿನೊಳಗೆ ಅಲ್ಲಿ 18 ಮಕ್ಕಳು ಸತ್ತರು. ಬ್ಯಾಟರಿಯ ಸೀಸವನ್ನು ಜಾಲಿಸಿ ಮಾರುತ್ತಿದ್ದ ಅಲ್ಲಿನ ತಾಯಂದಿರು ಅದನ್ನು ಜೀವನೋಪಾಯವೆಂದೇ ತಿಳಿದಿದ್ದರು.

ಮೇಜಿನಿಂದ ಇನ್ನು ಬಯಲಿಗೆ ಬರೋಣ. ಪಿಸ್ತೂಲಿನ ಗುಂಡುಗಳು ಹೆಚ್ಚಾಗಿ ಅಭ್ಯಾಸದ ಮೈದಾನದ ಮಣ್ಣದಿಬ್ಬಕ್ಕೆ ಹೊಕ್ಕು ಅಲ್ಲೇ ಉಳಿಯುತ್ತವೆ. ಅದೇ ಮೇಜಿನಲ್ಲಿ ತಯಾರಾದ ರೈಫಲ್ಲಿನ ಗುಂಡುಗಳು ಬೇಟೆಗೆ ಹೋಗುತ್ತವೆ. ಕ್ಯಾಲಿಫೋರ್ನಿಯದ ಕಾಂಡೋರ್ ಎಂಬ ಹದ್ದಿನ ಜಾತಿಯ ಬೃಹತ್ ಪಕ್ಷಿಯ ಕಥೆ ಆರಂಭವಾಗುವುದು ಅಲ್ಲಿಂದ. ಜಿಂಕೆಗೆ ಬಡಿದ ಸೀಸದ ಗುಂಡು ಇಡಿಯಾಗಿ ಉಳಿಯುವುದಿಲ್ಲ. ನೂರಾರು ಕಿರುಚೂರುಗಳಾಗಿ ಮಾಂಸದಲ್ಲಿ ಚೆದುರುತ್ತದೆ. ಬೇಟೆಗಾರ ಕಾಡಿನಲ್ಲೇ ಬಿಟ್ಟುಹೋದ ಕರುಳನ್ನು ಕಾಂಡೋರ್ ತಿನ್ನುತ್ತದೆ. ಎಲುಬನ್ನೂ ಅರಗಿಸುವ ಅದರ ಜಠರಾಮ್ಲ ಸೀಸವನ್ನೂ ಕರಗಿಸುತ್ತದೆ. 1982ರ ಹೊತ್ತಿಗೆ ಜಗತ್ತಿನಲ್ಲಿ ಉಳಿದಿದ್ದ ಕಾಂಡೋರ್‌ಗಳು ಸುಮಾರು 22. 1987ರಲ್ಲಿ ಕಾಡಿನಲ್ಲಿದ್ದ ಕೊನೆಯ ಪಕ್ಷಿಯನ್ನೂ ಹಿಡಿದು ತಂದು, ಸಾಕಿ, ಮರಿ ಮಾಡಿಸಿ, 1992ರಿಂದ ಮತ್ತೆ ಬಯಲಿಗೆ ಬಿಡತೊಡಗಿದರು. ಬಿಟ್ಟವೂ ಸೀಸದಿಂದಲೇ ಸಾಯತೊಡಗಿದವು. ಅವುಗಳ ರಕ್ತದಲ್ಲಿದ್ದ ಸೀಸದ ಐಸೊಟೋಪುಗಳ ಪ್ರಮಾಣವನ್ನು ತಾಳೆ ನೋಡಿದ ವಿಜ್ಞಾನಿಗಳು, ಅದು ತೋಟಾಗಳ ಸೀಸಕ್ಕೆ ಹೊಂದುತ್ತದೆ ಎಂದು 2006ರಲ್ಲಿ ತೋರಿಸಿಕೊಟ್ಟರು. ಕಾಂಡೋರ್ ಓಡಾಡುವ ಪ್ರದೇಶದಲ್ಲಿ 2008ರಿಂದ, ಇಡೀ ಕ್ಯಾಲಿಫೋರ್ನಿಯದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ತೋಟಾ ಬಳಸುವುದನ್ನು ಕಾನೂನು ತಡೆಯಿತು. ಗುರಿಯಭ್ಯಾಸಕ್ಕೆ ಈ ತಡೆ ಇಲ್ಲ ಎಂಬುದನ್ನು ಗಮನಿಸಬೇಕು. ಜೇಬಿನ ಪಿಸ್ತೂಲಿನವನು ಅಲ್ಲಿ ಇನ್ನೂ ಹಳೆಯ ಹಾದಿಯಲ್ಲೇ ಇದ್ದಾನೆ.

ಇದು ಒಂದು ರಾಜ್ಯದ, ಒಂದು ಪಕ್ಷಿಯ ಕಥೆ ಮಾತ್ರವಾಗಿ ಉಳಿದಿಲ್ಲ. 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಅರ್ಧದಷ್ಟಕ್ಕೆ ದೀರ್ಘಕಾಲದಿಂದ ಸೀಸ ಮೈಗೂಡಿತ್ತು. ನಾರ್ತ್ ಡಕೋಟ ರಾಜ್ಯದಲ್ಲಿ ಬೇಟೆಗಾರರು ಬಡವರಿಗೆಂದು ದಾನ ಕೊಟ್ಟ ಜಿಂಕೆ ಮಾಂಸದಲ್ಲಿ ಸೀಸದ ಚೂರುಗಳು ಕಂಡದ್ದರಿಂದ 2008ರಲ್ಲಿ ಅದನ್ನು ಹಂಚದಂತೆ ಆರೋಗ್ಯ ಇಲಾಖೆಯೇ ಸೂಚಿಸಬೇಕಾಯಿತು. ಡೆನ್ಮಾರ್ಕ್ 1996ರಲ್ಲಿಯೇ ಸೀಸದ ಚರೆಗೂ 2024ರಲ್ಲಿ ರೈಫಲ್ಲಿನ ಸೀಸದ ಗುಂಡಿಗೂ ಬೇಟೆಯಲ್ಲಿ ನಿಷೇಧ ಹೇರಿತು. ಯುರೋಪಿನ ಒಕ್ಕೂಟ 2023ರ ಫೆಬ್ರುವರಿಯಿಂದ ಜೌಗು ಪ್ರದೇಶಗಳಲ್ಲಿ ಸೀಸದ ಚರೆಯನ್ನು ತಡೆದಿದೆ. ಅಮೆರಿಕದ ಕೇಂದ್ರ ಸರ್ಕಾರ ಮಾತ್ರ ಈ ವಿಷಯದಲ್ಲಿ ಉಯ್ಯಾಲೆಯಾಡಿದೆ. 1991ರಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ ಬೇಡವೆಂದು ದೇಶಕ್ಕೆಲ್ಲ ನಿಯಮ ಮಾಡಿತು. 2017ರ ಜನವರಿಯಲ್ಲಿ ವನ್ಯಜೀವಿ ಆಶ್ರಯತಾಣಗಳಿಂದ ಸೀಸವನ್ನು ತೊಲಗಿಸುವ ಆದೇಶ ಹೊರಟರೆ, ಮಾರ್ಚಿನಲ್ಲಿ ಹೊಸ ಸರ್ಕಾರ ಅದನ್ನು ರದ್ದುಪಡಿಸಿತು. ಬಂದೂಕಿನ ಸುದ್ದಿ ಎತ್ತಿದೊಡನೆ ಬಂದೂಕಿನ ಹಕ್ಕಿನ ಮೇಲೇ ದಾಳಿ ನಡೆಯಿತೆಂದು ಕೂಗುವವರಿಗೆ ಅಲ್ಲಿ ಬಹಳ ಬಲವಿದೆ. ಲೋಹದ ಪ್ರಶ್ನೆ ಆ ಗದ್ದಲದಲ್ಲಿ ಕಳೆದುಹೋಗುತ್ತದೆ.

ಹವ್ಯಾಸಿಗಳ ಆಕ್ಷೇಪಗಳಲ್ಲಿ ಒಂದನ್ನು ಒಪ್ಪಲೇಬೇಕು. ಸೀಸದ ಬದಲಿಗೆ ತಾಮ್ರ ಬಳಸಿ ಎಂದು ಹೇಳುವುದು ಸುಲಭ. ತಾಮ್ರ ಸೀಸಕ್ಕಿಂತ ಹಗುರವಾದುದರಿಂದ ಅದೇ ತೂಕದ ತಾಮ್ರದ ಗುಂಡು ಉದ್ದವಾಗುತ್ತದೆ. ಪುಟ್ಟ ಪಿಸ್ತೂಲಿನ ಪುಟ್ಟ ಕೊಳವೆಯಲ್ಲಿ ಅದು ಮದ್ದಿನ ಜಾಗವನ್ನು ನುಂಗಿ ಒತ್ತಡ ಏರಿಸುತ್ತದೆ. ಹಳೆಯ ಲೆಕ್ಕವನ್ನು ಹೊಸ ಗುಂಡಿಗೆ ಹಚ್ಚುವವನು ಬೆರಳು ಕಳೆದುಕೊಂಡಾನು. ಆದರೆ ಇದು ಸೀಸವನ್ನು ಉಳಿಸಿಕೊಳ್ಳುವುದಕ್ಕೆ ಕಾರಣವಾಗುವುದಿಲ್ಲ. ಹೊಸ ಲೆಕ್ಕ ಹಾಕುವ ಶ್ರಮ ತೆಗೆದುಕೊಳ್ಳಬೇಕೆಂದಷ್ಟೇ ಅದರ ಅರ್ಥ, ಆ ಶ್ರಮದಲ್ಲೇ ತಮ್ಮ ಹೆಚ್ಚುಗಾರಿಕೆ ಇದೆಯೆಂದು ಹವ್ಯಾಸಿಗಳೇ ಹೇಳಿಕೊಳ್ಳುತ್ತಾರೆ. ಅಂಗಡಿಯಲ್ಲಿ ಕೊಳ್ಳುವವನಿಗೆ ಆಯ್ಕೆ ಕಡಿಮೆ. ತಾನೇ ತುಂಬುವವನು ಕೇಪು ಯಾವುದು, ಗುಂಡು ಯಾವುದು ಎಂದು ಒಂದೊಂದನ್ನೂ ಆರಿಸಿಕೊಳ್ಳುತ್ತಾನೆ. ಸೀಸವನ್ನು ಮೊದಲು ಕೈಬಿಡಬೇಕಾದವನು ಅವನೇ ಎಂಬುದು ನಮ್ಮ ಅಭಿಪ್ರಾಯ.

ಈಗ ನಮ್ಮ ಘಟ್ಟದ ವಿಚಾರ. ಕಾರ್ಖಾನೆಯ ತೋಟಾ ಹಾಕುವ ಕೋವಿ ಇರುವವರು ಇಲ್ಲಿ ಕೆಲವರು. ಬೆಳೆರಕ್ಷಣೆಗೆಂದು ಪರವಾನಗಿ ಪಡೆದ ಕೇಪಿನ ಕೋವಿಯವರು ಹಲವರು. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ಜಡಿದು, ಚರೆಯನ್ನೋ ಗುಂಡನ್ನೋ ಇಳಿಸಿ ಈಡು ತುಂಬುವ ನಮ್ಮ ಕ್ರಮದಲ್ಲಿ ಪ್ರತಿಯೊಂದು ಈಡೂ ಕೈಯಲ್ಲೇ ತುಂಬಿದ್ದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇದೆ. 2019ರ ಅಧಿಸೂಚನೆ ಅದನ್ನು 2029ರವರೆಗೆ ಮುಂದುವರಿಸಿದ್ದನ್ನು ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಸಂಸ್ಕೃತಿಗೆ ನಮ್ಮ ತಕರಾರಿಲ್ಲ. ಕೋವಿ ಬೇಕೆ ಬೇಡವೆ ಎಂಬ ಚರ್ಚೆಯನ್ನು ಈ ಲೇಖನ ಎತ್ತುವುದೂ ಇಲ್ಲ. ಕಾಡುಹಂದಿ ಒಂದೇ ರಾತ್ರಿಯಲ್ಲಿ ಗದ್ದೆ ಉತ್ತುಹಾಕಿದ ರೈತನೆದುರು ಆ ಚರ್ಚೆ ಹೂಡುವುದು ಪೇಟೆಯವರಿಗೆ ಸುಲಭ. ನಮ್ಮ ಪ್ರಶ್ನೆ ಕೋವಿಯೊಳಗಿನ ಲೋಹದ್ದು.

ಅಮೆರಿಕದ ಪುಸ್ತಕಗಳಲ್ಲಿ ಇಲ್ಲದ ಒಂದು ಅಂಶ ನಮ್ಮಲ್ಲಿದೆ. ಚರೆ, ಗುಂಡು ಎರಕ ಹೊಯ್ಯುವ ಮನೆಗಳಲ್ಲಿ ಬೆಂಕಿ ಯಾವುದು? ಬಚ್ಚಲೊಲೆ. ಅದು ಎಂದೂ ಆರದ ಒಲೆ. ಸೀಸ ಕರಗಿಸಲು ಬೇರೆ ಬೆಂಕಿ ಹಾಕುವವರು ಯಾರು? ಸೌಟಿನಿಂದ ತೆಗೆದ ಕಸ ಒಲೆಯ ಬಾಯಿಗೇ ಬೀಳುತ್ತದೆ. ಆ ಒಲೆಯ ಬೂದಿಯಿಂದ ಪಾತ್ರೆ ತಿಕ್ಕುತ್ತೇವೆ. ಹುಳ ಬಂದ ಬದನೆಯ ಎಲೆಗೆ ಅದೇ ಬೂದಿ ಎರಚುತ್ತೇವೆ. ಉಳಿದದ್ದು ಗೊಬ್ಬರದ ಗುಂಡಿಗೆ ಹೋಗಿ ಅಡಿಕೆಯ ಬುಡ ಸೇರುತ್ತದೆ. ಯಾವುದನ್ನೂ ವ್ಯರ್ಥ ಮಾಡದ ಮಲೆನಾಡಿನ ಮನೆಯ ಈ ಚಕ್ರದಲ್ಲಿ ಒಮ್ಮೆ ಸೀಸ ಹೊಕ್ಕರೆ ಅದೂ ವ್ಯರ್ಥವಾಗದೆ ತಿರುಗುತ್ತದೆ. ಹಳೆಯ ಟ್ರ್ಯಾಕ್ಟರಿನ ಬ್ಯಾಟರಿ, ಬಲೆಗೆ ಕಟ್ಟುವ ಸೀಸದ ಮಣಿ, ಎಲ್ಲವೂ ಆ ಬಾಣಲೆಗೆ ಬರುವುದುಂಟು. ಅಮೆರಿಕದವನ ಮೇಜು ಹಿಂಬದಿಯ ಕೋಣೆಯಲ್ಲಾದರೂ ಇದೆ, ನಮ್ಮದು ಮಕ್ಕಳು ಚಳಿ ಕಾಯಿಸುವ ಜಾಗದಲ್ಲಿದೆ.

ಮಣ್ಣಿನ ವಿಚಾರವೂ ನಮಗೆ ಅನುಕೂಲವಾಗಿಲ್ಲ. ಗುರಿಯಭ್ಯಾಸದ ಮೈದಾನಗಳಿಗಾಗಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2001ರಲ್ಲಿ ಕೈಪಿಡಿಯೊಂದನ್ನು ಹೊರತಂದಿತು. ಮಣ್ಣು ಹುಳಿಯಾಗಿದ್ದು ಮಳೆ ಹೆಚ್ಚಿದ್ದಲ್ಲಿ ಸೀಸ ಬೇಗ ಸವೆದು ಕರಗುತ್ತದೆ, ಅಂತಹ ಕಡೆ ಸುಣ್ಣ ಹಾಕಿ ಹುಳಿ ತಗ್ಗಿಸಬೇಕು ಎಂದು ಅದು ಹೇಳುತ್ತದೆ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ, ತೋಟಕ್ಕೆ ಸುಣ್ಣ ಹಾಕದೆ ಗತಿಯಿಲ್ಲದ ನಮ್ಮ ಹುಳಿಮಣ್ಣಿನಲ್ಲಿ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಜಂಬಿಟ್ಟಿಗೆಯ ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಸೀಸವನ್ನು ತಕ್ಕಮಟ್ಟಿಗೆ ಹಿಡಿದಿಡುತ್ತದೆ ಎಂಬುದೂ ನಿಜ. ಆದರೆ ಆ ಮಣ್ಣೇ ಕೊಚ್ಚಿ ಹಳ್ಳಕ್ಕೆ ಇಳಿಯುವಾಗ ಹಿಡಿದಿಟ್ಟದ್ದೂ ಜೊತೆಗೆ ಇಳಿಯುತ್ತದೆ.

ನಮ್ಮ ರಣಹದ್ದುಗಳು ಸತ್ತದ್ದು ಸೀಸದಿಂದಲ್ಲ; ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿಯಿಂದ. ಅದನ್ನು ಪಶುಚಿಕಿತ್ಸೆಯಲ್ಲಿ 2006ರಲ್ಲಿ ನಿಷೇಧಿಸುವ ವೇಳೆಗೆ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇಲ್ಲವಾಗಿದ್ದವು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದ್ದು ಅಳಿದುಳಿದವುಗಳಿಗಾಗಿ. ಹದ್ದಿನ ಮೇಲೆ ಯಾರಿಗೂ ದ್ವೇಷವಿರಲಿಲ್ಲ. ದನದ ಕಾಲುನೋವಿಗೆ ಕೊಟ್ಟ ಮದ್ದು ಸತ್ತ ದನದ ಮೂಲಕ ಹದ್ದಿಗೆ ತಲಪಿತು. ಬೆಳೆ ಉಳಿಸಲು ಹಾರಿಸಿದ ಚರೆಯೂ ಅದೇ ದಾರಿ ಹಿಡಿಯಬಲ್ಲುದು. ಕೇರಳ ಸರ್ಕಾರ 2022ರಲ್ಲಿ ಬೆಳೆಗೆ ಬರುವ ಕಾಡುಹಂದಿಗಳನ್ನು ಕೊಲ್ಲಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಾಗ ಕಳೇಬರವನ್ನು ಹೂಳಬೇಕೆಂಬ ಷರತ್ತು ಹಾಕಿತು. ಮಾಂಸದ ಆಸೆಯಿಂದ ಬೇಟೆ ಬೆಳೆಯದಿರಲಿ ಎಂಬುದು ಅದರ ಉದ್ದೇಶವಿದ್ದೀತು. ಸೀಸವನ್ನು ತಡೆಯುವುದಕ್ಕೂ ಅದು ಒಳ್ಳೆಯ ಷರತ್ತೇ.

ದೇಶವಾಗಿ ನಾವು ಸೀಸದ ಬಗೆಗೆ ಏನೂ ಮಾಡಿಲ್ಲವೆಂದಲ್ಲ. 1999ರಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ಪ್ರಕಟಿಸಿದ ಅಧ್ಯಯನ, ದೊಡ್ಡ ನಗರಗಳಲ್ಲಿ ಪರೀಕ್ಷಿಸಿದ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚಿನವರ ರಕ್ತದಲ್ಲಿ ಅಂದಿನ 10ರ ಮಿತಿಯನ್ನೂ ಮೀರಿದ ಸೀಸವನ್ನು ಕಂಡಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರಂಥವರು ಅದನ್ನು ಸರ್ಕಾರದ ಬಾಗಿಲವರೆಗೆ ಒಯ್ದರು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. 2017ರ ನವೆಂಬರಿನಿಂದ ಮನೆಗೆ ಬಳಿಯುವ ಬಣ್ಣದಲ್ಲಿ ಅದು ಹತ್ತು ಲಕ್ಷಕ್ಕೆ 90 ಭಾಗ ಮೀರುವಂತಿಲ್ಲ. ಆದರೂ ಯುನಿಸೆಫ್ 2020ರಲ್ಲಿ ಹೊರತಂದ ವರದಿಯ ಅಂದಾಜಿನಂತೆ, ಭಾರತದ 27 ಕೋಟಿಗೂ ಮಿಕ್ಕ ಮಕ್ಕಳ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ದಾಟಿದೆ. ಬಣ್ಣ, ಪೆಟ್ರೋಲು, ಬ್ಯಾಟರಿ ಎಲ್ಲಕ್ಕೂ ನಿಯಮ ಬಂದ ಮೇಲೆ ತೋಟಾ ಒಂದನ್ನು ಹೊರಗಿಡಲು ಕಾರಣ ಕಾಣುವುದಿಲ್ಲ.

"ಅಜ್ಜನ ಕಾಲದಿಂದ ಸೀಸ ಕರಗಿಸಿದ್ದೇವೆ, ಯಾರಿಗೆ ಏನಾಗಿದೆ?" ಎನ್ನುವ ಹಿರಿಯರಿದ್ದಾರೆ. ರಕ್ತ ಪರೀಕ್ಷೆ ಮಾಡದೆ ಏನಾಗಿದೆ ಎಂದು ತಿಳಿಯುವ ಬಗೆಯಿಲ್ಲ. ಸೀಸದ ಪೆಟ್ಟು ಹಾವಿನ ಕಡಿತದಂತೆ ಕಾಣಿಸಿಕೊಳ್ಳುವುದಿಲ್ಲ. ಮಗ್ಗಿ ಬಾಯಿಪಾಠವಾಗದ ಮಗುವನ್ನು ದಡ್ಡನೆಂದು ಬಯ್ದು ನಾವು ಸುಮ್ಮನಾಗುತ್ತೇವೆ.

ಅಮೆರಿಕದವರನ್ನು ನೋಡಿ ತೋಟಾ ತುಂಬುವ ಕೆಲಸಕ್ಕೆ ಕೈ ಹಾಕಬೇಡಿ ಎಂದು ತರುಣರಿಗೆ ಪ್ರತ್ಯೇಕವಾಗಿ ಹೇಳಬೇಕು. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅಪರಾಧ. 2019ರ ತಿದ್ದುಪಡಿಯ ಬಳಿಕ ಅದಕ್ಕೆ ಕನಿಷ್ಠ ಏಳು ವರ್ಷ ಸೆರೆವಾಸ. ಸೀಸ ಬೇಡವೆಂದು ಕೇಪಿನ ಕೋವಿಗೆ ಸೈಕಲ್ಲಿನ ಉಕ್ಕಿನ ಗುಂಡು ತುಂಬುವುದೂ ಕೂಡದು. ಹಳೆಯ ಮೆದು ಕಬ್ಬಿಣದ ನಳಿಗೆ ಅದನ್ನು ತಾಳದೆ ಸೀಳಬಹುದು. ಮಂಗ ಹಂದಿಗಳನ್ನು ಬೆದರಿಸುವುದಕ್ಕಷ್ಟೇ ಆದರೆ ಬರೀ ಮದ್ದಿನ ಈಡು ಸಾಕು, ಶಬ್ದಕ್ಕೆ ಸೀಸ ಬೇಕಿಲ್ಲ. ಮಲೆನಾಡಿನಲ್ಲಿ ಹಾರುವ ಈಡುಗಳಲ್ಲಿ ಬಹುಪಾಲು ಬೆದರಿಕೆಯವೇ ಅಲ್ಲವೆ? ಇನ್ನು, ಹನ್ನೆರಡು ಬೋರಿನ ಶಕ್ತಿಮಾನ್ ತೋಟಾಗಳು ಖಡ್ಕಿಯ ಸರ್ಕಾರಿ ಕಾರ್ಖಾನೆಯವು. 2021ರಿಂದ ಅದು ಮ್ಯುನಿಷನ್ಸ್ ಇಂಡಿಯಾ ಎಂಬ ಸರ್ಕಾರಿ ಕಂಪನಿಯ ಅಧೀನದಲ್ಲಿದೆ. ಬಿಸ್ಮತ್‌ನಂತಹ ಮೆದು ಲೋಹದ ಚರೆಯನ್ನು ಹಳೆಯ ಕೋವಿಗೆ ಒಗ್ಗುವಂತೆ ಮಾಡಿ ರೈತನ ಕೈಗೆಟುಕುವ ಬೆಲೆಯಲ್ಲಿ ಕೊಡಬೇಕೆಂದು ಸರ್ಕಾರವನ್ನು ಕೇಳುವ ಹಕ್ಕು ನಮಗಿದೆ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಿಸಿಕೊಳ್ಳಲು ಮನೆಮನೆಗೆ ಸುದ್ದಿ ಮುಟ್ಟಿಸುವ ಆಡಳಿತಕ್ಕೆ, ಅದೇ ಸಾಲಿನಲ್ಲಿ ನಿಂತ ಜನರಿಗೆ ಸೀಸದ ಬಗ್ಗೆ ಒಂದು ಚೀಟಿ ಹಂಚುವುದು ಭಾರವಾಗದು. ಕೋವಿ ಇರುವ ಮನೆಗಳ ಐದು ವರ್ಷದೊಳಗಿನ ಮಕ್ಕಳಿಗೆ ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸುವಂತೆ ಮುಂದಿನ ಗ್ರಾಮಸಭೆಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಠರಾವು ಕಳುಹಿಸೋಣ.

ಅದು ಆಗುವವರೆಗೆ ಸೀಸ ಕರಗಿಸಿದ ಬಾಣಲೆ, ಸೌಟುಗಳನ್ನು ಅಡುಗೆಮನೆಗೆ ಮರಳಿ ತರಬೇಡಿ. ಹಳೆಯ ಬ್ಯಾಟರಿಯನ್ನು ಒಡೆಯದೆ, ಅದನ್ನು ಹಿಂದಕ್ಕೆ ಕೊಳ್ಳುವ ಅಧಿಕೃತ ಅಂಗಡಿಗೇ ಕೊಡಿ. ಎರಕ ಹೊಯ್ದ ಜಾಗವನ್ನು ಪೊರಕೆಯಿಂದ ಗುಡಿಸಿದರೆ ಧೂಳೇಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ. ಆ ಒಲೆಯ ಈಗಿನ ಬೂದಿಯನ್ನು ಪಾತ್ರೆಗೂ ಗಿಡಕ್ಕೂ ಬಳಸದೆ, ಬಾವಿ ಹಳ್ಳಗಳಿಂದ ದೂರ, ಮಳೆನೀರು ಹರಿಯದ ಕಡೆ ಆಳವಾಗಿ ಹೂತುಬಿಡಿ.